ಆನೆ ಕಥೆಗೆ ಆನೆ ಕಥೆಯೇ ಉತ್ತರ

ಸಕಲೇಶಪುರದ ಕಡೆಯವರ ಮುಂದೆ ಆನೆ ವಿಷಯ ಎತ್ತಿದರೆ ಬೇಗ ಎದ್ದು ಹೋಗುವ ಆಸೆ ಬಿಡಬೇಕು. ಆಲೂರು, ಬೇಲೂರು, ಮೂಡಿಗೆರೆ ಕಡೆಯವರೂ ಅಷ್ಟೇ. ಒಬ್ಬರು ಶುರು ಮಾಡುತ್ತಾರೆ: "ನಿನ್ನೆ ರಾತ್ರಿ ಅಂಗಳಕ್ಕೇ ಬಂದಿತ್ತು." ಕೇಳಿದವರು "ಹೌದಾ, ಪಾಪ" ಅಂತ ಸುಮ್ಮನಾಗುವುದಿಲ್ಲ. "ನಮ್ಮಲ್ಲಿ ಹೋದ ವಾರ ಬೈನೆ ಮರ ಮಲಗಿಸಿ ಹೋಯ್ತು" ಅನ್ನುತ್ತಾರೆ. ಮೂರನೆಯವರ ತೋಟದಲ್ಲಿ ಸೋಲಾರ್ ಬೇಲಿಯ ಮೇಲೆ ಒಣಮರ ಕೆಡವಿ ದಾಟಿರುತ್ತದೆ. ನಾಲ್ಕನೆಯವರಿಗೆ ಸ್ವಂತ ಆನೆ ಇರುವುದಿಲ್ಲ. ಅವರು ಭಾವನ ಮನೆಯ ಆನೆಯನ್ನು ತರುತ್ತಾರೆ.

ನನ್ನ ಗಂಡ ಅರಸೀಕೆರೆ ಕಡೆಯವರು. ತೆಂಗಿನ ಸೀಮೆ. ಮದುವೆಯಾದ ಹೊಸದರಲ್ಲಿ ನಮ್ಮ ತವರಿಗೆ ಬಂದು ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇಳಿ, ರಾತ್ರಿ ನನ್ನ ಹತ್ತಿರ ಹೇಳಿದ್ದರು: "ನಿಮ್ಮ ಕಡೆಯವರು ಒಬ್ಬರ ಮಾತು ಒಬ್ಬರು ಕೇಳೋದೇ ಇಲ್ವಲ್ಲೇ. ಅವರು ಬಾಯಿ ಮುಚ್ಚೋದೇ ತಡ, ಇವರು ಶುರು." ಹಾಗನ್ನಿಸುವುದು ಸಹಜ. ಆದರೆ ನನಗೆ ಕಾಣುವುದು ಬೇರೆ. ಅಂಗಳಕ್ಕೆ ಬಂದ ಆನೆಯ ಕಥೆಗೆ ಯಾರೂ ಹಾಲಿನ ರೇಟಿನ ಕಥೆ ಹೇಳುವುದಿಲ್ಲ. ರಾತ್ರಿ ಹೆದರಿದವರ ಕಥೆಗೆ ತಾವೂ ರಾತ್ರಿ ಹೆದರಿದ ಕಥೆಯನ್ನೇ ಹುಡುಕಿ ತರುತ್ತಾರೆ. ಅಷ್ಟು ಸರಿಯಾಗಿ ಹುಡುಕಬೇಕಾದರೆ ಮೊದಲನೆಯದನ್ನು ಚೆನ್ನಾಗಿಯೇ ಕೇಳಿಸಿಕೊಂಡಿರಬೇಕು, ಅಲ್ವಾ?

ಹಾರ್ವೆ ಸ್ಯಾಕ್ಸ್ ಅಂತ ಅಮೆರಿಕದಲ್ಲಿ ಒಬ್ಬ ಸಮಾಜಶಾಸ್ತ್ರಜ್ಞ ಇದ್ದ. ಜನ ದಿನನಿತ್ಯ ಆಡುವ ಮಾತನ್ನು ಟೇಪ್ ಮಾಡಿಕೊಂಡು, ಅದರಲ್ಲಿ ಎಂಥ ಕಟ್ಟುಪಾಡು ಇದೆ ಅಂತ ನೋಡುವುದೇ ಅವನ ಕೆಲಸ. 1964ರಿಂದ 1972ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಪಾಠ ಮಾಡಿದ. 1975ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ನಲವತ್ತು. ಆ ಪಾಠಗಳು ಪುಸ್ತಕವಾಗಿದ್ದು 1992ರಲ್ಲಿ. ಒಂದು ಕಥೆಯ ಬೆನ್ನಿಗೇ ಅದೇ ಜಾತಿಯ ಇನ್ನೊಂದು ಕಥೆ ಬರುತ್ತದೆ, ಅದು ಆಕಸ್ಮಿಕ ಅಲ್ಲ ಅಂತ ಅವನು ತೋರಿಸಿದ. ಮೊದಲ ಕಥೆಯಲ್ಲಿ ಹೇಳಿದವರು ಯಾವ ಜಾಗದಲ್ಲಿ ನಿಂತಿದ್ದರೋ, ಎರಡನೇ ಕಥೆಯಲ್ಲಿ ಹೇಳುವವರೂ ಅದೇ ಜಾಗದಲ್ಲಿ ನಿಲ್ಲುತ್ತಾರೆ. ನೀವು ಹೆದರಿ ಬಾಗಿಲು ಹಾಕಿಕೊಂಡವರಾದರೆ ನಾನೂ ಹೆದರಿ ಬಾಗಿಲು ಹಾಕಿಕೊಂಡವಳು. "ನಿಮ್ಮ ಕಷ್ಟ ಅರ್ಥವಾಯಿತು" ಅಂತ ಯಾರು ಬೇಕಾದರೂ ಹೇಳಬಹುದು. ಅರ್ಥವಾಗಿದೆ ಅಂತ ತೋರಿಸುವುದು ಬೇರೆ.

ಇದನ್ನು ಓದಿದ ಮೇಲೆ ನಮ್ಮ ಜಗಲಿ ಮಾತಿನ ಮೇಲೆ ನನಗೆ ಗೌರವ ಜಾಸ್ತಿಯಾಯಿತು. ಓದದಿದ್ದರೂ ಆಗುತ್ತಿತ್ತೇನೋ. ಇರಲಿ.

ಮಾತಿನ ನಡುವೆ ಕಥೆ ಹೇಳುವುದು ಸುಲಭ ಅಂತ ಕಾಣುತ್ತದೆ, ಆದರೆ ಅದಕ್ಕೆ ಜಾಗ ಬೇಕು. ಮಾಮೂಲಿ ಮಾತಿನಲ್ಲಿ ನಾನೊಂದು ಮಾತು, ನೀವೊಂದು ಮಾತು. ಕಥೆ ಹೇಳುವವರಿಗೆ ಒಟ್ಟಿಗೆ ಹತ್ತಿಪ್ಪತ್ತು ಮಾತು ಬೇಕು. ಅಷ್ಟು ಹೊತ್ತು ಉಳಿದವರು ತಮ್ಮ ಸರದಿ ಬಿಟ್ಟುಕೊಡಬೇಕು. ಅದಕ್ಕೇ ಮೊದಲು ಅಪ್ಪಣೆ ಕೇಳುತ್ತೇವೆ. "ಮೊನ್ನೆ ಏನಾಯ್ತು ಗೊತ್ತಾ?" ಅನ್ನುತ್ತೇವೆ. ಎದುರಿನವರು "ಏನಾಯ್ತು?" ಅನ್ನಬೇಕು. ಅಂದರೆ ಬಾಗಿಲು ತೆರೆಯಿತು. ನಮ್ಮ ದೊಡ್ಡಮ್ಮ "ಹೇಳಬಾರದು, ಆದರೂ ನಿನಗೆ ಹೇಳ್ತೀನಿ" ಅಂತ ಶುರು ಮಾಡುತ್ತಾರೆ. ಅದಕ್ಕೆ "ಬೇಡ ಬಿಡಿ" ಅಂದವರನ್ನು ನಾನು ಇವತ್ತಿನವರೆಗೆ ನೋಡಿಲ್ಲ.

ಆ ಅಪ್ಪಣೆಯ ಜೊತೆಗೇ ಇನ್ನೊಂದು ಸುಳಿವನ್ನೂ ಕೊಟ್ಟಿರುತ್ತೇವೆ. "ಒಂದು ತಮಾಷೆ ಆಯ್ತು" ಅಂದರೆ ನಗುವ ಜಾಗ ಬರುವ ತನಕ ಕಾಯಬೇಕು, ಅಲ್ಲಿಗೆ ಕಥೆ ಮುಗಿಯಿತು ಅಂತ. "ಭಾರಿ ಬೇಜಾರಾಯ್ತು ಕಣೇ" ಅಂದರೆ ಬೇಜಾರಿನ ಜಾಗಕ್ಕೆ ಕಿವಿ ಇಟ್ಟುಕೊಂಡಿರಬೇಕು. ಈ ಸುಳಿವು ಕೊಡದವರ ಕಥೆ ಕೇಳುವುದು ಭಾರಿ ಕಷ್ಟ. ಎಲ್ಲಿ ನಗಬೇಕು, ಎಲ್ಲಿ "ಅಯ್ಯೋ" ಅನ್ನಬೇಕು ತಿಳಿಯದೆ "ಹೂಂ, ಹೂಂ" ಅನ್ನುತ್ತಾ ಕೂರಬೇಕಾಗುತ್ತದೆ. ನಮ್ಮ ಆಫೀಸಿನಲ್ಲೂ ಅಂಥವರು ಒಬ್ಬರಿದ್ದಾರೆ. ಒಳ್ಳೆಯ ಮನುಷ್ಯ. ಊಟದ ಡಬ್ಬಿ ಹಿಡಿದು ಬಂದರೆ ಎಲ್ಲರಿಗೂ ಅರ್ಜೆಂಟ್ ಕೆಲಸ ನೆನಪಾಗುತ್ತದೆ.

ಭಾಷಾಶಾಸ್ತ್ರಜ್ಞ ವಿಲಿಯಂ ಲಬೋವ್ ಇದೇ ವಿಷಯಕ್ಕೆ ಬೇರೆ ದಾರಿಯಿಂದ ಬಂದ. ಅವನಿಗೆ ಜನ ಸಹಜವಾಗಿ ಆಡುವ ಭಾಷೆ ಬೇಕಿತ್ತು. ಟೇಪ್ ರೆಕಾರ್ಡರ್ ಮುಂದಿಟ್ಟರೆ ಯಾರೂ ಸಹಜವಾಗಿ ಮಾತಾಡುವುದಿಲ್ಲ. ಅದಕ್ಕೆ ಅವನು ಒಂದು ಪ್ರಶ್ನೆ ಕೇಳುತ್ತಿದ್ದ: "ಇವತ್ತು ನಾನು ಸತ್ತೇ ಹೋದೆ ಅನ್ನಿಸುವಂಥದ್ದು ಯಾವತ್ತಾದರೂ ಆಗಿತ್ತಾ?" ಹೌದು ಅಂದವರು ಕಥೆ ಶುರು ಮಾಡಿದ ಮೇಲೆ ಟೇಪನ್ನು ಮರೆತುಬಿಡುತ್ತಿದ್ದರು. 1967ರಲ್ಲಿ ಜೋಶುವಾ ವಾಲೆಟ್ಸ್ಕಿ ಜೊತೆ ಸೇರಿ, ಇಂಥ ಕಥೆಗಳ ಒಳಗಿನ ಅಂಗಾಂಗ ಬಿಡಿಸಿ ಒಂದು ಪ್ರಬಂಧ ಬರೆದ. ಯಾರು, ಎಲ್ಲಿ, ಯಾವಾಗ ಅನ್ನುವುದು ಒಂದು. ಏನಾಯಿತು ಅನ್ನುವುದು ಇನ್ನೊಂದು. ಕೊನೆಗೆ ಏನಾಯಿತು ಅನ್ನುವುದು ಮತ್ತೊಂದು. ಇವೆಲ್ಲ ನಮಗೂ ಹೊಳೆಯುವಂಥದ್ದೇ. ಆದರೆ ಅವನು ಜಾಸ್ತಿ ಒತ್ತು ಕೊಟ್ಟಿದ್ದು, ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ತೋರಿಸುವ ಭಾಗಕ್ಕೆ. ಕಥೆ ಮುಗಿದ ಮೇಲೆ ಕೇಳಿದವರು "ಸರಿ, ಅದಕ್ಕೇನೀಗ?" ಅಂದರೆ ಹೇಳಿದವರ ಮಾನ ಹೋಯಿತು. ಆ ಪ್ರಶ್ನೆ ಬಾಯಿಗೆ ಬರದ ಹಾಗೆ ಹೇಳುವುದೇ ಹೇಳುವವರ ಕಸುಬು ಅಂದ.

ನಮ್ಮ ಕಡೆ ಆ ಕಸುಬು ಚೆನ್ನಾಗಿ ಗೊತ್ತಿರುವವರು ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿದ್ದಾರೆ. ಪರಿಚಯದವರ ತೋಟದಲ್ಲಿ ಹಣ್ಣು ಬಿಡಿಸುವ ಅಕ್ಕ ಒಬ್ಬರು ಹೇಳಿದ್ದು ಇದು:

"ಬೆಳಿಗ್ಗೆ ಕಣಕ್ಕ. ಮಂಜು. ನಾನು ಮುಂದೆ, ನಮ್ಮ ಅತ್ತಿಗೆ ಹಿಂದೆ. ತಿರುವಲ್ಲಿ ಬಂಡೆ ಥರ ಕಾಣ್ತು. ಇಲ್ಲಿ ಬಂಡೆ ಇರಲಿಲ್ವಲ್ಲ ಅಂದೆ. ಬಂಡೆ ಕಿವಿ ಆಡಿಸ್ತು. ಇಬ್ಬರೂ ಓಡಿದ್ವಿ ನೋಡಿ, ಲೈನ್ ಹತ್ತಿರ ಬಂದ ಮೇಲೇ ತಿರುಗಿ ನೋಡಿದ್ದು. ಚಪ್ಪಲಿ ಇಲ್ಲ, ತಲೆ ವಸ್ತ್ರ ಇಲ್ಲ. ಬುತ್ತಿ ಮಾತ್ರ ಬಿಟ್ಟಿಲ್ಲ ನಾನು! ಕೈಯಲ್ಲೇ ಐತೆ!"

ಹೆದರಿದೆ ಅನ್ನುವ ಮಾತು ಇದರಲ್ಲಿ ಎಲ್ಲೂ ಇಲ್ಲ. ಬಂಡೆ ಕಿವಿ ಆಡಿಸಿತು, ಬುತ್ತಿ ಕೈಯಲ್ಲೇ ಇತ್ತು. ಅಷ್ಟರಲ್ಲೇ ಎಲ್ಲ ಬಂತು. "ಅದಕ್ಕೇನೀಗ?" ಅಂತ ಕೇಳಲು ಎಲ್ಲಿದೆ ಜಾಗ? ಅವರು ಮುಗಿಸಿದ್ದು ಹೀಗೆ: "ಈಗ ರೈಟ್ರು ಬಂದು ದಾರಿ ನೋಡಿಕೊಂಡು ಹೋಗೋವರೆಗೂ ನಾವು ಹೊರಡಲ್ಲ." ರೈಟ್ರು ಅಂದರೆ ತೋಟದ ಕೆಲಸ ನೋಡಿಕೊಳ್ಳುವವರು. ಕಥೆಯಿಂದ ಇವತ್ತಿಗೆ ಮೆಲ್ಲಗೆ ಇಳಿಸಿಬಿಟ್ಟರು.

ಇದೇ ಕಥೆಯನ್ನು ಕೆಲವು ವಾರ ಬಿಟ್ಟು ಒಂದು ಗೃಹಪ್ರವೇಶದ ಊಟದಲ್ಲಿ ಮತ್ತೆ ಕೇಳಿದೆ. ಹೇಳುತ್ತಿದ್ದವರು ತೋಟದ ಮಾಲೀಕರು. "ನಮ್ಮ ಲೈನಿನ ಹೆಂಗಸರಿಬ್ಬರು" ಅಂತ ಶುರುವಾಯಿತು. ಆನೆ ದೊಡ್ಡದಾಗಿತ್ತು, ದೂರ ಕಮ್ಮಿಯಾಗಿತ್ತು, ಆನೆ ಅಟ್ಟಿಸಿಕೊಂಡೂ ಬಂದಿತ್ತು. ಬುತ್ತಿ ಇರಲಿಲ್ಲ. ಕೊನೆಗೆ ಕಥೆ ಬಂದು ನಿಂತಿದ್ದು ಆಳುಗಳು ಕೆಲಸಕ್ಕೆ ಬರುವುದಿಲ್ಲ, ಬಂದರೂ ತಡ, ಹಣ್ಣು ಉದುರುತ್ತಿದೆ ಅನ್ನುವಲ್ಲಿಗೆ. ಸುಳ್ಳು ಅಂತ ಹೇಳಲಾರೆ, ಅವರ ಕಷ್ಟವೂ ನಿಜವೇ. ಆದರೆ ಆ ಕಥೆಗೆ ಬಂದ ಉತ್ತರಗಳನ್ನು ಕೇಳಬೇಕಿತ್ತು. ಯಾರೂ ಓಡಿದ ಕಥೆ ಹೇಳಲಿಲ್ಲ. ಎಲ್ಲರೂ ಆಳು ಸಿಗದ ಕಥೆ ಹೇಳಿದರು.

ಸ್ಯಾಕ್ಸ್ ಇದನ್ನೂ ಗಮನಿಸಿದ್ದ. ಕಣ್ಣಾರೆ ಕಂಡವರಿಗೆ ಆ ಅನುಭವದ ಮೇಲೆ ಒಂದು ಹಕ್ಕು ಇರುತ್ತದೆ. ಅಪಘಾತ ನೋಡಿದವರು ದಿನವಿಡೀ ಮಂಕಾಗಿ ಕೂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅದನ್ನು ಅವರ ಬಾಯಿಂದ ಕೇಳಿದವರು ಹಾಗೆ ಕೂತರೆ "ನಿನಗೇನಾಯ್ತು?" ಅನ್ನುತ್ತಾರೆ. ಕಥೆ ಕೈ ಬದಲಾಯಿಸಬಹುದು, ಆ ನಡುಕ ಕೈ ಬದಲಾಯಿಸುವುದಿಲ್ಲ. ಬೆಳಗಿನ ಮಂಜಿನಲ್ಲಿ ತೋಟಕ್ಕೆ ಮೊದಲು ಕಾಲಿಡುವವರು ಯಾವಾಗಲೂ ಕೂಲಿಯವರೇ. ಅವರ ಕಥೆಯನ್ನು ಕ್ಲಬ್ಬಿನಲ್ಲಿ, ಪೇಪರಿನಲ್ಲಿ, ಮೀಟಿಂಗಿನಲ್ಲಿ ಬೇರೆಯವರೇ ಹೇಳುತ್ತಾರೆ. ಆನೆ ಹಾವಳಿಯ ಬಗ್ಗೆ ಸಭೆ ಕರೆದಾಗಲಾದರೂ ಮೈಕನ್ನು ಆ ಅಕ್ಕನ ಕೈಗೆ ಮೊದಲು ಕೊಟ್ಟರೆ ಅಲ್ಲಿನ ಉತ್ತರಗಳೂ ಬದಲಾಗುತ್ತವೆ ಅಂತ ನನ್ನ ಅನಿಸಿಕೆ.

ನೋಡದವರಿಗೂ ಕಥೆ ಬೇಕೇ ಬೇಕಾದ ದಿನ ಒಂದು ಬಂದಿತ್ತು. 2023ರ ಡಿಸೆಂಬರ್ 4. ಸಕಲೇಶಪುರ ತಾಲ್ಲೂಕಿನ ಯಸಳೂರು ಹತ್ತಿರ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. ಅಲ್ಲೇ ಕಾಡಿನಲ್ಲಿ ಮಣ್ಣು ಮಾಡಿದರು. ಅವತ್ತು ಅಲ್ಲಿದ್ದವರು ಕೆಲವೇ ಜನ. ಆದರೆ ಕಥೆ ಇಡೀ ಜಿಲ್ಲೆಗೆ ಇತ್ತು. ಅಲ್ಲಿ ಇರದಿದ್ದವರು ಏನು ಮಾಡಿದರು ಅಂದರೆ, ತಾವು ಸುದ್ದಿ ಕೇಳಿದ್ದನ್ನೇ ಕಥೆ ಮಾಡಿಕೊಂಡರು. "ನಾನು ಕಾಫಿ ಪಲ್ಪರ್ ಮಿಷಿನ್ ಹತ್ತಿರ ನಿಂತಿದ್ದೆ, ತಮ್ಮ ಫೋನ್ ಮಾಡಿದ." "ನಾವು ಊಟಕ್ಕೆ ಕೂತಿದ್ವಿ, ಟಿವಿಯಲ್ಲಿ ಬಂತು, ತಟ್ಟೆ ಹಾಗೇ ಬಿಟ್ಟು ಎದ್ವಿ." ಇದರಲ್ಲಿ ಸುಳ್ಳಿಲ್ಲ. ಅರ್ಜುನನ ಸಾವಿನ ಮೇಲೆ ಹಕ್ಕಿಲ್ಲ, ಅದನ್ನು ಕೇಳಿದ ಆ ಗಳಿಗೆಯ ಮೇಲೆ ಇದೆ. ಹೇಳಲು ಅಷ್ಟು ಸಾಕಾಯಿತು.

ಸಾವಿನ ಮನೆಯಲ್ಲಿ ಕಥೆ ಹುಟ್ಟುವುದನ್ನು ಕಣ್ಣೆದುರೇ ನೋಡಬಹುದು. ನಮ್ಮ ದೊಡ್ಡಪ್ಪ ತೀರಿಕೊಂಡಾಗ ನಾನು ದೊಡ್ಡಮ್ಮನ ಜೊತೆಯಲ್ಲೇ ಇದ್ದೆ. ಮೊದಲ ದಿನ ಅವರ ಬಾಯಲ್ಲಿ ಬರೀ ತುಂಡು ತುಂಡು ಮಾತು. "ಕಾಫಿ ಬೇಡ ಅಂದ್ರು... ನಾನು ಬಚ್ಚಲಿಗೆ ನೀರು ಕಾಯಿಸ್ತಿದ್ದೆ... ಕೂಗಿದ್ರಾ ಅಂತ..." ಅಷ್ಟೇ. ಬಂದವರೆಲ್ಲ ಕೇಳುವುದು ಒಂದೇ: "ಹೆಂಗಾಯ್ತು?" ಹೊಸಬರು ಬಂದ ಹಾಗೆಲ್ಲ ದೊಡ್ಡಮ್ಮ ಮತ್ತೆ ಹೇಳಬೇಕು. ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಅತ್ತು ಸುಸ್ತಾದವರನ್ನು ಯಾಕೆ ಮತ್ತೆ ಮತ್ತೆ ಕೆದಕುತ್ತಾರೆ ಅಂತ.

ಮೂರನೇ ದಿನ ಹಾಲು ತುಪ್ಪದ ಹೊತ್ತಿಗೆ ಕಥೆಗೆ ಒಂದು ಮೊದಲು ಬಂದಿತ್ತು. "ಅವತ್ತು ಎದ್ದ ತಕ್ಷಣ ಕಾಫಿ ಕೇಳಲಿಲ್ಲ. ನಲವತ್ತು ವರ್ಷದಲ್ಲಿ ಅದೇ ಮೊದಲು." ಈ ನಲವತ್ತು ವರ್ಷದ ಮಾತು ಮೊದಲ ದಿನ ಇರಲಿಲ್ಲ. ಯಾರೋ ಕೇಳಿದ "ದಿನಾ ಕುಡೀತಿದ್ರಲ್ವಾ?" ಅನ್ನುವ ಪ್ರಶ್ನೆಯಿಂದ ಅದು ಸೇರಿಕೊಂಡಿತ್ತು. ಬಂದವರು ಒಂದೊಂದು ಪ್ರಶ್ನೆ ಕೇಳಿ ಕೇಳಿ, ತುಂಡುಗಳ ನಡುವೆ ದಾರಿ ಮಾಡಿಕೊಟ್ಟಿದ್ದರು.

ಎಲ್ಲ ಪ್ರಶ್ನೆಗಳೂ ಒಳ್ಳೆಯವಲ್ಲ. ದೂರದ ನೆಂಟರೊಬ್ಬರು "ಹಿಂದಿನ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಬಾರದಿತ್ತಾ?" ಅಂದುಬಿಟ್ಟರು. ನಡುಮನೆ ಪೂರ್ತಿ ತಣ್ಣಗಾಯಿತು. ದೊಡ್ಡಮ್ಮ ತಲೆ ತಗ್ಗಿಸಿದರು. ಆಗ ಮೂಲೆಯಲ್ಲಿ ಕೂತಿದ್ದ ಪಕ್ಕದ ಮನೆಯ ಅಜ್ಜಿ ಬಾಯಿ ತೆಗೆದರು. "ನಮ್ಮೋರನ್ನ ಕರ್ಕೊಂಡು ಹೋದ್ವಲ್ಲವ್ವಾ. ಹಿಂದಿನ ದಿನವೇ ಹೋದ್ವಿ. ಹಾಸನಕ್ಕೆ ಹೋದ್ವಿ, ಅಲ್ಲಿಂದ ಬೆಂಗಳೂರಿಗೆ ಹೋದ್ವಿ. ಒಂದು ತೊಟ್ಟು ನೀರು ಬಿಡೋಕೂ ನನ್ನ ಒಳಗೆ ಬಿಡಲಿಲ್ಲ. ನಿನ್ನ ಗಂಡ ನಿನ್ನ ಕೈ ಮೇಲೆ ಹೋದ." ಅಷ್ಟೇ ಹೇಳಿದ್ದು. ದೊಡ್ಡಮ್ಮ ತಲೆ ಎತ್ತಿದರು. ಹನ್ನೊಂದನೇ ದಿನ, ತಿಥಿಗೆ ಬಂದವರಿಗೆ ಅವರು ಹೇಳುತ್ತಿದ್ದ ಕಥೆ "ನನ್ನ ಕೈ ಮೇಲೇ ಹೋದರು" ಅಂತ ಮುಗಿಯುತ್ತಿತ್ತು.

"ಸಮಾಧಾನ ಮಾಡ್ಕೋ, ನಿನ್ನ ತಪ್ಪೇನಿಲ್ಲ" ಅಂತ ಅಲ್ಲಿ ಬಹಳ ಜನ ಹೇಳಿದ್ದರು. ಅದು ಒಂದಿಷ್ಟೂ ಒಳಗೆ ಇಳಿದಿರಲಿಲ್ಲ. ಅಜ್ಜಿ ಸಮಾಧಾನವನ್ನೇ ಹೇಳಲಿಲ್ಲ. ತನ್ನ ಕಥೆಯನ್ನು ಪಕ್ಕದಲ್ಲಿಟ್ಟರು.

ಸ್ಯಾಕ್ಸ್ ಮೊದಲು ಕೆಲಸ ಮಾಡಿದ್ದು ಎಲ್ಲಿ ಅಂತ ತಿಳಿದಾಗ ನನಗೆ ಈ ಅಜ್ಜಿಯೇ ನೆನಪಾಗಿದ್ದು. ಲಾಸ್ ಏಂಜಲಿಸ್‌ನ ಆತ್ಮಹತ್ಯೆ ತಡೆ ಕೇಂದ್ರ. ಅಲ್ಲಿಗೆ ಬರುತ್ತಿದ್ದ ಫೋನ್ ಕರೆಗಳನ್ನು ಅವನು ಕೇಳಿಸಿಕೊಳ್ಳುತ್ತಿದ್ದ. ಕರೆ ಮಾಡಿದವರು ಮತ್ತೆ ಮತ್ತೆ ಹೇಳುತ್ತಿದ್ದದ್ದು, "ಹೇಳಿಕೊಳ್ಳೋಕೆ ನನಗೆ ಯಾರೂ ಇಲ್ಲ" ಅಂತ. ಅವನ ಪಿಎಚ್‌ಡಿ ಇದೇ ಮಾತಿನ ಸುತ್ತ ಇದೆ. ಯಾರೂ ಇಲ್ಲ ಅಂದರೆ ಮನೆಯಲ್ಲಿ ಜನ ಇಲ್ಲ ಅಂತಲೇ ಅರ್ಥವಲ್ಲ. ಗಂಡ ಇರಬಹುದು, ಹೆಂಡತಿ ಇರಬಹುದು, ಆದರೆ ಈ ಕಥೆಯನ್ನು ಅವರಿಗೇ ಹೇಳುವ ಹಾಗಿರುವುದಿಲ್ಲ. ಮನೋವೈದ್ಯರಿಗೆ ಅಜ್ಜಿ ಮಾಡಿದ್ದಕ್ಕೆ ಉಲ್ಟಾ ತರಬೇತಿ. ರೋಗಿ ಹೇಳುವಾಗ ತಮ್ಮ ಕಥೆ ನೆನಪಾದರೂ ಅದನ್ನು ಬದಿಗಿಡಬೇಕು. ಅವರ ಕೆಲಸಕ್ಕೆ ಅದು ಸರಿ. ನಮಗೆ ಯಾಕೆ ಆ ಶಿಕ್ಷೆ?

ಹಾಗಂತ ಎರಡನೇ ಕಥೆ ಹೇಳುವವರೆಲ್ಲ ಪುಣ್ಯಾತ್ಮರು ಅಂತಲ್ಲ. "ನಿಮ್ಮದು ಒಂದೇನಾ? ನಮ್ಮಲ್ಲಿ ಇಡೀ ಬೀಟಮ್ಮ ಗ್ಯಾಂಗೇ ಬಂದಿತ್ತು" ಅಂತ ಆನೆ ಹಿಂಡನ್ನೇ ತರುವವರೂ ಇದ್ದಾರೆ. ಅವರಿಗೆ ಕಾಯಿಲೆ ಹೇಳಿದರೆ ಅವರದು ಅದಕ್ಕಿಂತ ದೊಡ್ಡದು, ಮಗಳ ಮಾರ್ಕ್ಸ್ ಹೇಳಿದರೆ ಅವರ ಮಗಳದು ಎರಡು ಜಾಸ್ತಿ. ಇದನ್ನು ಕಂಡುಹಿಡಿಯಲು ನನ್ನ ಲೆಕ್ಕ ಸುಲಭ. ಎರಡನೇ ಕಥೆ ಮುಗಿದ ಮೇಲೆ ಮಾತು ಮೊದಲಿನವರ ಕಡೆ ತಿರುಗಿತಾ? ಅಜ್ಜಿಯ ಕಥೆ "ನಿನ್ನ ಗಂಡ" ಅಂತ ಮುಗಿಯಿತು. ಮಾರ್ಕ್ಸಿನವರ ಕಥೆ ತಮ್ಮ ಮಗಳ ಹತ್ತಿರವೇ ಮುಗಿಯುತ್ತದೆ.

ಹಾಸನದಲ್ಲಿ ಕಥೆಗಳಿಗೇನು ಬರ ಇಲ್ಲ. ಬೇಲೂರಿಗೆ ಹೋದರೆ ಗೈಡ್‌ಗಳು, ಅಪ್ಪ ಜಕಣಾಚಾರಿ ಕೆತ್ತಿದ ವಿಗ್ರಹದ ಕಲ್ಲಿನೊಳಗೆ ಕಪ್ಪೆ ಇದೆ ಅಂತ ಮಗ ಡಂಕಣಾಚಾರಿ ತೋರಿಸಿದ ಕಥೆ ಹೇಳುತ್ತಾರೆ. 1117ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನ ಅದು. ಅಲ್ಲಿನ ವಿಗ್ರಹಗಳ ಕೆಳಗೆ ದಾಸೋಜ, ಅವನ ಮಗ ಚಾವಣ ಅಂತ ಶಿಲ್ಪಿಗಳ ಹೆಸರು ಕೆತ್ತಿರುವುದು ಸಿಗುತ್ತದೆ, ಜಕಣಾಚಾರಿಯದು ಸಿಗುವುದಿಲ್ಲ. ಅದು ಗೊತ್ತಿದ್ದೂ ಕಪ್ಪೆಯ ಕಥೆ ಕೇಳಲು ಚೆನ್ನಾಗಿಯೇ ಇರುತ್ತದೆ. ಆದರೆ ಕೇಳಿದವರು ಚಪ್ಪಾಳೆ ತಟ್ಟುತ್ತಾರೆ, ಫೋಟೋ ತೆಗೆಯುತ್ತಾರೆ, ಮುಂದೆ ಹೋಗುತ್ತಾರೆ. ಅಪ್ಪನ ಕೆಲಸದಲ್ಲಿ ಮಗ ಐಬು ಹುಡುಕಿದ ಇನ್ನೊಂದು ಕಥೆಯನ್ನು ಯಾರಾದರೂ ಅಲ್ಲಿ ಹೇಳಿದ್ದುಂಟಾ?

ಹಾಸನಾಂಬೆಯ ಕ್ಯೂನಲ್ಲಿ ಹಾಗಲ್ಲ. ಆಶ್ವಯುಜ ಹುಣ್ಣಿಮೆ ಕಳೆದು ಮೊದಲ ಗುರುವಾರ ಬಾಗಿಲು ತೆಗೆಯುತ್ತಾರೆ, ದೀಪಾವಳಿ ಮುಗಿದ ಮೇಲೆ ಮುಚ್ಚುತ್ತಾರೆ. ವರ್ಷಕ್ಕೆ ಅಷ್ಟೇ ದಿನ. ಟಿಕೆಟ್ ಇಲ್ಲದ ಧರ್ಮದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಹೊರಗಿನಿಂದ ಬಂದವರು ಯಾರಾದರೂ ಸೊಸೆ ಕಲ್ಲಿನ ಬಗ್ಗೆ ಕೇಳುತ್ತಾರೆ. ದಿನಾ ದೇವಸ್ಥಾನಕ್ಕೆ ಬರುತ್ತಿದ್ದ ಸೊಸೆ, ಹಿಂದೆಯೇ ಬಂದು ಬಟ್ಟಲಿನಿಂದ ತಲೆಗೆ ಹೊಡೆದ ಅತ್ತೆ, "ಅಮ್ಮಾ" ಅಂತ ಕೂಗಿದಾಗ ದೇವಿ ಅವಳನ್ನು ಕಲ್ಲು ಮಾಡಿ ತನ್ನ ಹತ್ತಿರ ಇಟ್ಟುಕೊಂಡಿದ್ದು, ಆ ಕಲ್ಲು ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುವುದು. ಎಲ್ಲರಿಗೂ ಗೊತ್ತಿರುವ ಕಥೆ. ಒಂದು ಸಲ ಹೀಗೇ ಒಬ್ಬರು ಹೇಳಿ ಮುಗಿಸಿದರು, ನನ್ನ ಹಿಂದೆ ನಿಂತಿದ್ದ ಹೆಂಗಸು ಪಕ್ಕದವರಿಗೆ ಹೇಳಿದರು: "ನಮ್ಮತ್ತೆ ಹೊಡೀತಿರಲಿಲ್ಲ. ಬೀಗ ಹಾಕ್ಕೊಂಡು ಹೋಗ್ತಿದ್ರು. ಉಗ್ರಾಣಕ್ಕೆ." ಪಕ್ಕದವರು ಗುರುತಿನವರೇನಲ್ಲ. "ನಮ್ಮಲ್ಲಿ ಸಕ್ಕರೆ ಡಬ್ಬಕ್ಕೆ ಗುರುತು ಹಾಕಿಡ್ತಿದ್ರು" ಅಂದರು. ಆ ಸಾಲು ಎಷ್ಟು ಮುಂದೆ ಹೋಯಿತು ಅಂತ ಯಾರೂ ನೋಡಲಿಲ್ಲ. ಮನೆಯಲ್ಲಿ ಬಾಯಿ ಬಿಡಲಾಗದ ಕಥೆಗೆ ದೇವರ ಕಥೆಯೊಂದು ದಾರಿ ಬಿಟ್ಟಿತ್ತು.

ಹೊತ್ತಿಗೂ ಕಥೆಗೂ ಒಂದು ಸಂಬಂಧ ಇದೆ. ಪಾಲಿ ವೀಸ್ನರ್ ಅನ್ನುವ ಮಾನವಶಾಸ್ತ್ರಜ್ಞೆ ಕಲಹಾರಿ ಮರುಭೂಮಿಯ ಬೇಟೆಗಾರ ಜನರ ಜೊತೆ ಇದ್ದು, 1970ರ ದಶಕದಲ್ಲಿ 174 ಮಾತುಕತೆಗಳ ಟಿಪ್ಪಣಿ ಮಾಡಿಕೊಂಡಿದ್ದರು. ಅದನ್ನೆಲ್ಲ ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದರು. ಹಗಲಿನ ಮಾತಿನಲ್ಲಿ ದೂರು, ಟೀಕೆ, ಚಾಡಿ ಶೇಕಡಾ 34, ದುಡಿಮೆ ವ್ಯವಹಾರ ಶೇಕಡಾ 31. ಕಥೆ ಬರೀ ಶೇಕಡಾ 6. ರಾತ್ರಿ ಬೆಂಕಿಯ ಸುತ್ತ ಕೂತಾಗ ಕಥೆ ಶೇಕಡಾ 81. ಆಷಾಢದ ಮಳೆಯಲ್ಲಿ ಕರೆಂಟ್ ಹೋದ ಮಲೆನಾಡಿನ ಮನೆಗಳಲ್ಲಿ ಬೆಳೆದವರಿಗೆ ಇದು ಹೊಸ ವಿಷಯವೇನಲ್ಲ. ಹಗಲು ಕಾಫಿ ಗಿಡ ಕಸಿ ಮಾಡುವ ಜಗಳ, ಗೊಬ್ಬರದ ಲೆಕ್ಕ. ರಾತ್ರಿ ಬಚ್ಚಲು ಒಲೆಯ ಮುಂದೆ ಅದೇ ಜನ ಬೇರೆಯವರು.

ಈಗ ವಾಟ್ಸ್ಯಾಪ್ ಬಂದು ಅದೆಲ್ಲ ಹಾಳಾಯಿತು ಅಂತ ಹೇಳುವವರು ಇದ್ದಾರೆ. ನನಗೆ ಅಷ್ಟು ಖಾತ್ರಿ ಇಲ್ಲ. ನಮ್ಮ ತವರೂರಿನ ಗುಂಪಿಗೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಂದೇಶ ಬರುತ್ತದೆ. ಇಂಥ ಊರು, ಇಂಥ ತೋಟ, ಇಷ್ಟು ಆನೆ, ಸಾರ್ವಜನಿಕರು ಎಚ್ಚರದಿಂದಿರಿ. ಅದು ಸುದ್ದಿ, ಜೀವ ಉಳಿಸುವ ಸುದ್ದಿ. ಅದರ ಕೆಳಗೇ ವಾಯ್ಸ್ ಮೆಸೇಜುಗಳು ಶುರು. "ಹೂಂ ಕಣ್ರೋ, ಈಗ ನಮ್ಮ ಗೇಟ್ ಹತ್ತಿರ ಇತ್ತು, ನಾನು ಕಾರು ರಿವರ್ಸ್ ತಗೊಂಡೆ..." ಕೆಳಗೆ ಇನ್ನೊಬ್ಬರದು. ನಮ್ಮ ಚಿಕ್ಕಪ್ಪನ ಮೆಸೇಜಿನಲ್ಲಂತೂ ಹಿಂದೆ ನಾಯಿ ಬೊಗಳುವುದು, ಚಿಕ್ಕಮ್ಮ "ಅದಲ್ಲರೀ, ಅದು ಭೀಮ" ಅಂತ ಆನೆಯ ಹೆಸರು ತಿದ್ದುವುದು ಎಲ್ಲ ಇರುತ್ತದೆ. ಫಾರ್ವರ್ಡ್ ಮಾಡಿದ ವಿಡಿಯೋಗೆ ಮಾತ್ರ ಈ ಭಾಗ್ಯ ಇಲ್ಲ. ಅದಕ್ಕೆ ಒಂದು ಕೈ ಮುಗಿಯುವ ಚಿತ್ರ ಬಂದರೆ ಜಾಸ್ತಿ.

ಕಥೆ ಅರ್ಧಕ್ಕೇ ನಿಂತರೂ ನಮ್ಮ ಜನ ಅದನ್ನು ಹಾಗೇ ಬಿಡುವುದಿಲ್ಲ. ಇತ್ತೀಚೆಗೆ ಹಾಸನದಿಂದ ಸಕಲೇಶಪುರದ ಬಸ್ಸಿನಲ್ಲಿ ಮುಂದಿನ ಸೀಟಿನ ಅಕ್ಕ ಒಬ್ಬರು ಒಂದು ಮದುವೆಯ ಕಥೆ ಹೇಳುತ್ತಿದ್ದರು. ದಿಬ್ಬಣ ಛತ್ರಕ್ಕೆ ಬಂದಿದೆ, ಮದುಮಗ ಇಲ್ಲ. ಕಾರಿನಲ್ಲಿ ಬರುತ್ತಿದ್ದಾನೆ ಅಂತ ಬಸ್ಸಿನವರು ಅಂದುಕೊಂಡಿದ್ದಾರೆ, ಬಸ್ಸಿನಲ್ಲಿದ್ದಾನೆ ಅಂತ ಕಾರಿನವರು. ಫೋನ್ ಸ್ವಿಚ್ ಆಫ್. ಮುಹೂರ್ತಕ್ಕೆ ಇನ್ನು ಅರ್ಧ ಗಂಟೆ. ಸುತ್ತಲಿನ ನಾಲ್ಕು ಸೀಟಿನವರೂ ಮಾತು ನಿಲ್ಲಿಸಿದ್ದರು. "ಆಗ ಹುಡುಗಿ ಅಪ್ಪ ಏನ್ ಮಾಡಿದ ಗೊತ್ತಾ... ಅಯ್ಯೋ, ಬಾಳ್ಳುಪೇಟೆ ಬಂತಾ? ಇಳೀಬೇಕು, ಇಳೀಬೇಕು!" ಅಂತ ಬ್ಯಾಗ್ ಎತ್ತಿಕೊಂಡು ಇಳಿದೇಬಿಟ್ಟರು.

ಬಸ್ಸು ಹೊರಟಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಂಡಕ್ಟರೇ ಶುರು ಮಾಡಿದರು. "ಬಂದಿರ್ತಾನೆ ಬಿಡಿ. ಇಲ್ದಿದ್ರೆ ಅವರು ಅಷ್ಟು ನಗ್ತಾ ಹೇಳ್ತಿದ್ರಾ?" ನನ್ನ ಪಕ್ಕದಲ್ಲಿದ್ದ ಹಿರಿಯರಿಗೆ ಅದು ಒಪ್ಪಿಗೆಯಾಗಲಿಲ್ಲ. "ಇಲ್ಲ ಕಣಣ್ಣ, ಬಂದಿರಲ್ಲ. ನಮ್ಮ ಚಿಕ್ಕಪ್ಪನ ಮಗಳ ಮದುವೇಲೂ ಹಿಂಗೇ ಆಗಿತ್ತು" ಅಂತ ಕಾಲು ಮಡಚಿ ಸರಿಯಾಗಿ ಕೂತರು. ಸಕಲೇಶಪುರ ಬಂದಾಗ ಆ ಮದುವೆ ಇನ್ನೂ ಧಾರೆಯವರೆಗೆ ಬಂದಿರಲಿಲ್ಲ.